ಅರ್ಜಿಯ ಅಂಕಣಗಳಿಗೆ ಲಕ್ಷಣ ಬರೆಯುವ ಬಗೆ

ವಿದ್ಯುತ್ತಿನ ಹಣ ಕಟ್ಟುವುದು, ರೈಲಿನಲ್ಲಿ ಸ್ಥಳ ಕಾದಿರಿಸುವುದು, ಮಕ್ಕಳನ್ನು ಕಾಲೇಜಿಗೆ ಸೇರಿಸಲು ಅರ್ಜಿ ಹಾಕುವುದು, ಇವೆಲ್ಲ ಈಗ ಮನೆಯಲ್ಲಿ ಕುಳಿತೇ ನಡೆಯುತ್ತವೆ. ಹಿಂದೆ ಕಚೇರಿಯ ಕಿಟಕಿಯಾಚೆ ಕುಳಿತ ಗುಮಾಸ್ತರು ಅರ್ಜಿಯ ಮೇಲೆ ಕಣ್ಣಾಡಿಸಿ, "ಇಲ್ಲಿ ವಯಸ್ಸು ಬರೆದಿಲ್ಲವಲ್ಲ ಸ್ವಾಮಿ" ಎಂದು ಹಿಂದಿರುಗಿಸುತ್ತಿದ್ದರು. ಆ ಕೆಲಸವನ್ನು ಈಗ ಮಾಡುವುದು ದೂರದಲ್ಲೆಲ್ಲೋ ಇರುವ ಸರ್ವರ್ ಎಂಬ ಕಂಪ್ಯೂಟರು. ಅದಕ್ಕೆ ಒಪ್ಪುತಪ್ಪುಗಳ ವಿವೇಕವನ್ನು ಕಲಿಸುವುದು ಹೇಗೆಂಬುದೇ ಈ ಲೇಖನದ ವಿಷಯ.

ಇದಕ್ಕೆ ಎರಡು ಮಾರ್ಗಗಳುಂಟು. "ಹೆಸರು ಖಾಲಿಯಿದ್ದರೆ ಹೀಗೆ ಮಾಡು, ವಯಸ್ಸು ಹೆಚ್ಚಾದರೆ ಹಾಗೆ ಮಾಡು" ಎಂದು ಪ್ರೋಗ್ರಾಮಿನಲ್ಲಿ ಬೇಕಾದೆಡೆಯಲ್ಲೆಲ್ಲ ಆಜ್ಞೆಗಳನ್ನು ಬರೆಯುತ್ತ ಹೋಗುವುದು ಒಂದು. ಒಂದೇ ಅರ್ಜಿ ನಾಲ್ಕು ದಾರಿಗಳಿಂದ ಬರುವುದಾದರೆ ನಾಲ್ಕು ಕಡೆಯೂ ಅದೇ ಆಜ್ಞೆ ಬೇಕು. ನಿಯಮ ಬದಲಾದಾಗ ಮೂರು ಕಡೆ ತಿದ್ದಿ ನಾಲ್ಕನೆಯದನ್ನು ಮರೆತರೆ, ತಪ್ಪು ಅರ್ಜಿ ಆ ಬಾಗಿಲಿನಿಂದ ಒಳಸೇರುತ್ತದೆ.

ಎರಡನೆಯದು ಲಕ್ಷಣವನ್ನು ಸಾರಿಬಿಡುವ ಮಾರ್ಗ. ಅರ್ಜಿಯ ರೂಪರೇಖೆಯನ್ನು ಪ್ರೋಗ್ರಾಮಿನಲ್ಲಿ ಕ್ಲಾಸ್ ಎನ್ನುತ್ತಾರೆ. ಅದರ ಪ್ರತಿಯೊಂದು ಅಂಕಣದ ಮೇಲೆ ಚೌಕ ಆವರಣದೊಳಗೆ ಅಟ್ರಿಬ್ಯೂಟ್ ಎಂಬ ಚೀಟಿಯನ್ನು ಅಂಟಿಸುವುದೇ ಇಲ್ಲಿನ ಕ್ರಮ. ಮೈಕ್ರೋಸಾಫ್ಟಿನ ಡಾಟ್‌ನೆಟ್‌ನಲ್ಲಿ 2008ರಲ್ಲಿ ಬಂದ ಡೇಟಾ ಆನೊಟೇಷನ್ಸ್ ಎಂಬುದು ಇಂತಹ ಚೀಟಿಗಳ ಭಂಡಾರ. ಜಾವಾ ಭಾಷೆಗೂ ಮರುವರ್ಷವೇ ಇಂಥದೊಂದು ಮಾನಕ ದೊರೆಯಿತು. 'ರಿಕ್ವೈರ್ಡ್' ಎಂದರೆ ಅಂಕಣ ಖಾಲಿ ಇರಕೂಡದು. 'ಸ್ಟ್ರಿಂಗ್‌ಲೆಂತ್' ಎಂದರೆ ಉದ್ದ ಇಷ್ಟನ್ನು ಮೀರಕೂಡದು. 'ರೇಂಜ್' ಎಂದರೆ ಸಂಖ್ಯೆ ಇಷ್ಟರಿಂದ ಇಷ್ಟರೊಳಗಿರಬೇಕು. 'ರೆಗ್ಯುಲರ್ ಎಕ್ಸ್‌ಪ್ರೆಷನ್' ಎಂದರೆ ಬರೆದುದು ಇಂಥ ಮಾದರಿಗೆ ಹೊಂದಬೇಕು. ಪಿನ್‌ಕೋಡಿನಲ್ಲಿ 6 ಅಂಕೆಗಳಿರಬೇಕು, ಮೊದಲನೆಯದು ಸೊನ್ನೆಯಾಗಿರಬಾರದು ಎಂಬುದನ್ನು ಈ ಕಡೆಯ ಚೀಟಿಯಿಂದ ಹೇಳಬಹುದು.

ಛಂದಸ್ಸು ಬಲ್ಲವರಿಗೆ ಈ ಮಾರ್ಗ ಅಪರಿಚಿತವಲ್ಲ. ಕಂದಪದ್ಯದ ಲಕ್ಷಣವನ್ನು ಶಾಸ್ತ್ರವು ಒಂದೆಡೆ ಹೇಳಿ ಮುಗಿಸುತ್ತದೆ. ಪ್ರಸ್ತಾರ ಹಾಕಿ ಪದ್ಯವನ್ನು ಪರೀಕ್ಷಿಸುವ ಕೆಲಸ ಬೇರೆಯವರದು. ಇಲ್ಲಿಯೂ ಹಾಗೆಯೇ. ಚೀಟಿ ತಾನಾಗಿ ಏನನ್ನೂ ಮಾಡದು. ಅರ್ಜಿ ಸರ್ವರಿಗೆ ಬಂದಾಗ ಪರೀಕ್ಷಕ ಪ್ರೋಗ್ರಾಮೊಂದು ಚೀಟಿಗಳನ್ನು ಓದಿ, ದೋಷಗಳನ್ನು ಪಟ್ಟಿಮಾಡುತ್ತದೆ. ಆ ಪರೀಕ್ಷಕನನ್ನು ಕರೆಯದಿದ್ದರೆ ಲಕ್ಷಣವಿದ್ದೂ ಪರೀಕ್ಷೆಯಿಲ್ಲ. ನಮ್ಮ ಕೈಯ ಫೋನಿನಲ್ಲಿ ಒಮ್ಮೆ ಪರೀಕ್ಷೆ ನಡೆದರೂ ಅದನ್ನು ತಪ್ಪಿಸಿ ಅರ್ಜಿ ಕಳುಹಿಸಬಲ್ಲ ಚತುರರುಂಟು. ಆದುದರಿಂದ ಸರ್ವರಿನ ಪರೀಕ್ಷೆಯನ್ನು ಬಿಡುವಂತಿಲ್ಲ.

ಆದರೆ ಯಂತ್ರವು ಲಕ್ಷಣವನ್ನು ಬರೆದಂತೆಯೇ ಓದುತ್ತದೆ. ಬರೆದವರ ಮನಸ್ಸಿನ ಅಭಿಪ್ರಾಯವನ್ನು ಓದದು. ಕನ್ನಡಿಗರಾದ ನಮಗೆ ಇದರ ಬಿಸಿ ಮುಟ್ಟುವುದು ಹೆಸರಿನ ಅಂಕಣದಲ್ಲಿ. 'ಲಕ್ಷ್ಮೀನಾರಾಯಣ' ಎಂಬುದರಲ್ಲಿ ನಾವು ಎಣಿಸುವ ಅಕ್ಷರಗಳು 6. ಯಂತ್ರಕ್ಕೆ ಒತ್ತಕ್ಷರ, ಗುಣಿತಾಕ್ಷರಗಳು ಒಂದೊಂದೇ ಅಲ್ಲ. 'ಕ್ಷ್ಮೀ' ಎಂಬ ಒಂದಕ್ಷರವನ್ನು ಅದು ಕಕಾರ, ವಿರಾಮ, ಷಕಾರ, ಮತ್ತೊಂದು ವಿರಾಮ, ಮಕಾರ, ಈತ್ವದ ಚಿಹ್ನೆ ಎಂದು 6 ಆಗಿ ಎಣಿಸುತ್ತದೆ. ಇಡೀ ಹೆಸರು 13 ಆಗುತ್ತದೆ. ಹೆಸರಿಗೆ 10 ಸಾಕೆಂದು ಚೀಟಿ ಬರೆದಿದ್ದರೆ, ಆರಕ್ಷರದ ಲಕ್ಷ್ಮೀನಾರಾಯಣರು ಹೊರಗೇ ಉಳಿಯುತ್ತಾರೆ!

ಮಾದರಿಯ ಚೀಟಿಯಲ್ಲೂ ಇಂತಹ ತೊಡಕುಂಟು. ಇಂಗ್ಲಿಷಿನ 26 ಅಕ್ಷರಗಳು ಮಾತ್ರ ಇರಬಹುದೆಂದರೆ ಕನ್ನಡದಲ್ಲಿ ಬರೆದ ಹೆಸರು ಒಂದೂ ಒಳಸೇರದು. ಲೋಕದ ಲಿಪಿಗಳಿಗೆಲ್ಲ ಸಂಕೇತ ಗೊತ್ತುಮಾಡಿರುವ ಯೂನಿಕೋಡಿನಲ್ಲಿ 'ಅಕ್ಷರ' ಎಂಬ ವರ್ಗವುಂಟು. ಅದನ್ನಷ್ಟೇ ಹೇಳಿದರೂ ಸಾಲದು. ಗುಣಿತದ ಚಿಹ್ನೆ, ವಿರಾಮಗಳು ಅಲ್ಲಿ 'ಚಿಹ್ನೆ' ಎಂಬ ಬೇರೆ ವರ್ಗಕ್ಕೆ ಸೇರಿವೆ. ಆಗ 'ರಮ' ಒಪ್ಪಿಗೆಯಾಗುತ್ತದೆ, 'ರಾಮ' ತಿರಸ್ಕೃತವಾಗುತ್ತದೆ! ಎರಡು ವರ್ಗಗಳನ್ನೂ ಹೆಸರಿಸುವುದೇ ಪರಿಹಾರ.

'ರಿಕ್ವೈರ್ಡ್' ಕೂಡ ಮೋಸಹೋಗುವುದುಂಟು. ಡಾಟ್‌ನೆಟ್‌ನಲ್ಲಿ ವಯಸ್ಸನ್ನು ಬರಿಯ ಪೂರ್ಣಾಂಕವೆಂದು ಸಾರಿದ್ದು, ಅರ್ಜಿಯಲ್ಲಿ ಆ ಅಂಕಣವೇ ಬಾರದೆ ಹೋದರೆ, ಅಲ್ಲಿ 0 ತಾನಾಗಿ ನಿಲ್ಲುತ್ತದೆ. ಸೊನ್ನೆಯೂ ಒಂದು ಬೆಲೆಯೇ ಆದುದರಿಂದ ಪರೀಕ್ಷಕನು ತೃಪ್ತನಾಗುತ್ತಾನೆ. ಖಾಲಿಯಿರಬಲ್ಲ ಪೂರ್ಣಾಂಕವೆಂದು ಸಾರಿದರೆ ಮಾತ್ರ ಕೊರತೆ ಬೆಳಕಿಗೆ ಬರುತ್ತದೆ.

ಲಕ್ಷ್ಯವನ್ನು ನೋಡಿ ಲಕ್ಷಣವನ್ನು ಹೇಳಬೇಕೆಂಬುದು ನಮ್ಮ ವೈಯಾಕರಣರ ಪದ್ಧತಿ. ಜನರ ನಿಜವಾದ ಹೆಸರುಗಳನ್ನು ಮುಂದಿಟ್ಟುಕೊಂಡು ಚೀಟಿ ಬರೆದರೆ, ಒಂದೆಡೆ ಬರೆದ ಒಳ್ಳೆಯ ನಿಯಮ ಎಲ್ಲ ಬಾಗಿಲುಗಳನ್ನೂ ಕಾಯುತ್ತದೆ. ನೋಡದೆ ಬರೆದರೆ, ಒಂದೇ ತಪ್ಪು ಎಲ್ಲ ಬಾಗಿಲುಗಳಲ್ಲೂ ನಿಂತು ಜನರನ್ನು ತಡೆಯುತ್ತದೆ. ನಿಮ್ಮ ಹೆಸರನ್ನು ಅರ್ಜಿಯೊಂದು "ಸರಿಯಿಲ್ಲ" ಎಂದು ಹಿಂದಿರುಗಿಸಿದರೆ, ಹೆಸರನ್ನು ಕತ್ತರಿಸಲು ಹೊರಡಬೇಡಿ. ಚೀಟಿಯನ್ನು ತಿದ್ದಿರೆಂದು ಆ ಕಚೇರಿಗೆ ಬರೆದು ತಿಳಿಸಿರಿ.