ಷವರ್ಮಾ ಅಂಗಡಿ ಹೇಳಿಕೊಡದ ಲೆಬನಾನಿನ ಅಡುಗೆ

ಬೆಂಗಳೂರು, ಮಂಗಳೂರಿನ ಬೀದಿಬದಿಯಲ್ಲಿ ಷವರ್ಮಾ ತಿಂದವರಿಗೆ ಲೆಬನಾನಿನ ಊಟವೆಂದರೆ ಕೋಳಿ, ಮೆಯೋನೀಸ್, ಮೈದಾ ರೊಟ್ಟಿ, ಇಷ್ಟೇ. ಅಸಲಿಗೆ ಷವರ್ಮಾ ಲೆಬನಾನಿನಲ್ಲೂ ಅಂಗಡಿಯ ತಿನಿಸು. ಅಲ್ಲಿನ ಮನೆಯಡುಗೆ ನಿಂತಿರುವುದು ಕಾಳು, ಸೊಪ್ಪು, ಗೋಧಿ, ಮೊಸರು, ನಿಂಬೆಹಣ್ಣಿನ ಮೇಲೆ. ಅದನ್ನು ನಮ್ಮ ಮನೆಗಳಲ್ಲಿ ಮಾಡಹೊರಟಾಗ ರುಚಿ ಕೆಡುವುದು ಏನೋ ಕಡಿಮೆಯಾಗಿ ಅಲ್ಲ, ಬೇಡದ್ದನ್ನು ಸುರಿದು.

‘ಹಮ್ಮಸ್ ನುಣ್ಣಗಾಗಲು ಆಲಿವ್ ಎಣ್ಣೆ ಹಾಕಿ ರುಬ್ಬಬೇಕು’ ಎನ್ನುವ ಮಾತನ್ನೇ ತೆಗೆದುಕೊಳ್ಳಿ. ಲೆಬನಾನಿನ ಹಮ್ಮಸ್‌ನಲ್ಲಿ ರುಬ್ಬುವಾಗ ಸಾಮಾನ್ಯವಾಗಿ ಎಣ್ಣೆ ಹಾಕುವುದಿಲ್ಲ. ತಟ್ಟೆಗೆ ಬಡಿಸಿದ ಮೇಲೆ ಮೇಲಿಂದ ಸುರಿಯುತ್ತಾರೆ. ನುಣುಪು ಬರುವುದು ಕಾಳು ಬೇಯುವ ರೀತಿಯಿಂದ. ಕಾಬೂಲಿ ಕಡಲೆಯನ್ನು ರಾತ್ರಿಯಿಡೀ ನೆನೆಸಿ, ಚಿಟಿಕೆ ಅಡುಗೆ ಸೋಡಾ ಹಾಕಿ ಬೇಯಿಸಿದರೆ ಕ್ಷಾರಕ್ಕೆ ಸಿಪ್ಪೆ ಕರಗಿದಂತಾಗಿ ಕಾಳು ಎರಡು ಬೆರಳ ನಡುವೆ ಹಿಟ್ಟಾಗುತ್ತದೆ. ಉಪ್ಪು, ನಿಂಬೆರಸ, ಸ್ವಲ್ಪ ಬೆಳ್ಳುಳ್ಳಿ, ಉಳಿದಂತೆ ತಹಿನಿ, ಅಂದರೆ ಎಳ್ಳು ರುಬ್ಬಿದ ಪೇಸ್ಟ್. ತಹಿನಿಗೆ ನಿಂಬೆರಸ ಬಿದ್ದ ಕೂಡಲೇ ಅದು ಗಟ್ಟಿಯಾಗಿ ಮುದ್ದೆಕಟ್ಟುತ್ತದೆ. ಕೆಟ್ಟಿತೆಂದು ಗಾಬರಿಯಾಗಿ ಎಣ್ಣೆಗೆ ಕೈಹಾಕಬೇಡಿ. ಐಸ್ ನೀರನ್ನು ಚಮಚ ಚಮಚವಾಗಿ ಹಾಕುತ್ತ ತಿರುಗಿಸಿ. ಮುದ್ದೆ ಸಡಿಲವಾಗಿ, ಬಣ್ಣ ತಿಳಿಯಾಗಿ, ಕೆನೆಯಂತಾಗುತ್ತದೆ. ತಹಿನಿಯನ್ನು ಮನೆಯಲ್ಲೇ ಮಾಡುವುದಾದರೆ ಸಿಪ್ಪೆ ತೆಗೆದ ಬಿಳಿ ಎಳ್ಳನ್ನು ಬೆಚ್ಚಗಾಗುವಷ್ಟೇ ಹುರಿಯಿರಿ. ಕೆಂಪಗಾದ ಎಳ್ಳು ಚಟ್ನಿಪುಡಿಗೆ ಸರಿ, ಇಲ್ಲಿ ಕಹಿ.

ಅಂದಹಾಗೆ, ಹಮ್ಮಸ್ ಯಾರದೆಂಬ ಜಗಳ ಇಸ್ರೇಲ್‌ಗೂ ಲೆಬನಾನಿಗೂ ನಡುವೆ ಬಹಳ ಕಾಲದಿಂದ ಇದೆ. 2010ರ ಮೇನಲ್ಲಿ ಲೆಬನಾನಿನ ಬಾಣಸಿಗರು 10,452 ಕಿಲೋ ಹಮ್ಮಸ್ ಮಾಡಿ ಗಿನ್ನೆಸ್ ದಾಖಲೆ ಬರೆದರು. ಆ ದೇಶದ ವಿಸ್ತೀರ್ಣ 10,452 ಚದರ ಕಿಲೋಮೀಟರ್. ತೂಕವನ್ನು ಬೇಕೆಂದೇ ಹಾಗೆ ಹೊಂದಿಸಿದ್ದರು. ಅಷ್ಟು ಅಭಿಮಾನದ ತಿನಿಸಿಗೆ ನಾವು ಬೀಟ್‌ರೂಟ್, ಚಾಕೊಲೇಟ್ ಬೆರೆಸಿ ಅದೇ ಹೆಸರು ಇಟ್ಟರೆ ಅವರು ಸಿಡುಕುವುದು ಸಹಜ.

ಫಲಾಫೆಲ್‌ನದು ಇನ್ನೊಂದು ಕಥೆ. ಬೇಯಿಸಿದ ಕಡಲೆ ರುಬ್ಬಿ ಎಣ್ಣೆಗೆ ಬಿಟ್ಟರೆ ಅದು ಒಡೆದುಹೋಗುತ್ತದೆ. ಆಮೇಲೆ ಮೈದಾ, ಬ್ರೆಡ್ ಪುಡಿಯ ಹುಡುಕಾಟ. ಅಂಬೊಡೆಗೆ ಯಾರಾದರೂ ಕಡಲೆಬೇಳೆ ಬೇಯಿಸಿಕೊಳ್ಳುತ್ತಾರೆಯೇ? ಇದೂ ಹಾಗೆಯೇ. ನೆನೆದ ಹಸಿ ಕಾಳನ್ನೇ ತರಿತರಿಯಾಗಿ ರುಬ್ಬಿ. ಅದರೊಳಗಿನ ಪಿಷ್ಟ ಬಿಸಿ ಎಣ್ಣೆಯಲ್ಲಿ ಬೆಂದು ತಾನಾಗಿ ಹಿಡಿದುಕೊಳ್ಳುತ್ತದೆ.

ತಬ್ಬೂಲೆಯನ್ನು ಗೋಧಿ ಉಪ್ಪಿಟ್ಟಿನ ತಣ್ಣನೆಯ ರೂಪ ಎಂದುಕೊಂಡವರಿದ್ದಾರೆ. ಅದು ಸೊಪ್ಪಿನ ಕೋಸಂಬರಿ. ಎರಡು ದೊಡ್ಡ ಕಟ್ಟು ಪಾರ್ಸ್ಲಿಗೆ ಎರಡು ಮೂರು ಚಮಚ ಸಣ್ಣ ಬುಲ್ಗರ್ ಸಾಕು. ತಟ್ಟೆ ಹಸಿರಾಗಿ ಕಾಣಬೇಕು. ಬುಲ್ಗರ್ ಬದಲು ಗೋಧಿ ನುಚ್ಚು ನಡೆಯುತ್ತದೆ ಎಂಬುದೂ ತಪ್ಪು. ಬುಲ್ಗರ್ ಎಂದರೆ ಮೊದಲೇ ಬೇಯಿಸಿ, ಒಣಗಿಸಿ, ಒಡೆದ ಗೋಧಿ. ಟೊಮೆಟೊ, ನಿಂಬೆಯ ರಸದಲ್ಲೇ ನೆನೆದು ಮೆತ್ತಗಾಗುತ್ತದೆ. ನಮ್ಮ ನುಚ್ಚು ಹಸಿ ಗೋಧಿಯದು, ಎಷ್ಟು ನೆನೆಸಿದರೂ ಹಸಿಯೇ. ಸೊಪ್ಪನ್ನು ತೊಳೆದು, ಪೂರ್ತಿ ಒಣಗಿಸಿ, ಹರಿತವಾದ ಚಾಕುವಿನಲ್ಲಿ ಹೆಚ್ಚಿ. ಮಿಕ್ಸಿಗೆ ಹಾಕಿದರೆ ನೀರುಬಿಟ್ಟು ಚಟ್ನಿಯಾಗುತ್ತದೆ.

ಇನ್ನು ಷವರ್ಮಾದೊಳಗಿನ ಬಿಳಿ ಸಾಸ್. ನಮ್ಮಲ್ಲಿ ಅದು ಮೆಯೋನೀಸ್. ಲೆಬನಾನಿನಲ್ಲಿ ಕೋಳಿಯ ಷವರ್ಮಾಕ್ಕೆ ಹಚ್ಚುವುದು ತೂಮ್: ಬೆಳ್ಳುಳ್ಳಿ, ಉಪ್ಪು, ನಿಂಬೆರಸ, ವಾಸನೆಯಿಲ್ಲದ ಅಡುಗೆ ಎಣ್ಣೆ. ಸಾಂಪ್ರದಾಯಿಕ ತೂಮ್‌ಗೆ ಮೊಟ್ಟೆ ಇಲ್ಲ. ಬೆಳ್ಳುಳ್ಳಿಯನ್ನು ಉಪ್ಪಿನೊಂದಿಗೆ ನುಣ್ಣಗೆ ಅರೆದು, ಎಣ್ಣೆಯನ್ನು ನೂಲಿನಷ್ಟು ಸಣ್ಣ ಧಾರೆಯಲ್ಲಿ ಬಿಡುತ್ತ ಹೋದರೆ ಬೆಣ್ಣೆಯಂತೆ ಉಬ್ಬುತ್ತದೆ. ಅವಸರಪಟ್ಟರೆ ಒಡೆಯುತ್ತದೆ. ಹಸಿ ಮೊಟ್ಟೆಯ ಮೆಯೋನೀಸ್‌ನಿಂದ ಜನ ಕಾಯಿಲೆ ಬಿದ್ದ ಕಾರಣ ತೆಲಂಗಾಣ ಸರ್ಕಾರ 2024ರಲ್ಲಿ ಅದನ್ನು ಒಂದು ವರ್ಷ ನಿಷೇಧಿಸಿತ್ತು. ತೂಮ್ ಮಾಡಿಕೊಂಡರೆ ಆ ಮೊಟ್ಟೆಯ ಗೊಡವೆಯೇ ಇಲ್ಲ. ಫ್ರಿಜ್‌ನಲ್ಲಿ ಮಾತ್ರ ಇಡಿ.

‘ಅರಬ್ ಊಟ, ಖಾರ ಜೋರು’ ಎನ್ನುವವರಿಗೆ: ಲೆಬನಾನಿನ ಟ್ರಿಪೊಲಿ ಊರಿನ ಖಾರದ ಮೀನಿನಂಥ ಒಂದೆರಡು ಬಿಟ್ಟರೆ ಅಲ್ಲಿ ಖಾರ ಅಪರೂಪ. ಅವರ ‘ಏಳು ಮಸಾಲೆ’ಯಲ್ಲಿ ಮುಖ್ಯವಾದದ್ದು ನಮ್ಮ ಮಲೆನಾಡಿನ ತೋಟಗಳಲ್ಲೂ ಕಾಣಸಿಗುವ ಸರ್ವಸಾಂಬಾರ (ಆಲ್‌ಸ್ಪೈಸ್), ಜೊತೆಗೆ ಮೆಣಸು, ದಾಲ್ಚಿನ್ನಿ, ಲವಂಗ. ಗರಂ ಮಸಾಲೆ ಹಾಕಿದರೆ ಅಡುಗೆ ನಮ್ಮದಾಗುತ್ತದೆ, ಅವರದಲ್ಲ.

ಮಾಂಸವಿಲ್ಲದೆ ಏನಿದೆ ಎಂದು ಕೇಳುವವರೂ ಇದ್ದಾರೆ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಅಲ್ಲಿನ ಅನೇಕ ಕ್ರೈಸ್ತರು ಮಾಂಸ ಮುಟ್ಟುವುದಿಲ್ಲ. ಆ ದಿನಗಳ ಅಡುಗೆಗಳದ್ದೇ ಒಂದು ದೊಡ್ಡ ಸಾಲು. ಮೊದಲ ಸಲ ಕೈಹಾಕುವವರು ಅದರಲ್ಲಿ ಮುಜದ್ದರ ಮಾಡಿ ನೋಡಿ. ಸಿಪ್ಪೆಯಿರುವ ಇಡೀ ಮಸೂರ್ ಒಂದು ಲೋಟ, ಅಕ್ಕಿ ಅರ್ಧ ಲೋಟ, ಮೂರು ದೊಡ್ಡ ಈರುಳ್ಳಿ, ಎಣ್ಣೆ, ಉಪ್ಪು, ಮೆಣಸು. ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಕಡು ಕಂದಾಗುವವರೆಗೆ ಬಾಡಿಸಿ, ಅರ್ಧ ಬೆಂದ ಮಸೂರಿಗೆ ಅಕ್ಕಿಯೊಂದಿಗೆ ಸ್ವಲ್ಪ ಸೇರಿಸಿ ಬೇಯಿಸಿ, ಉಳಿದದ್ದನ್ನು ಮೇಲೆ ಹರಡಿ. ಪಕ್ಕಕ್ಕೆ ಗಟ್ಟಿ ಮೊಸರಿರಲಿ.