ಗಾಲ್ಫ್ ಕ್ಲಬ್ ಕೊಳ್ಳುವಾಗ: ಪ್ರಚಾರವೆಷ್ಟು, ನಿಜವೆಷ್ಟು?

ನಮ್ಮ ಸದಸ್ಯ ಬಾಂಧವರಲ್ಲಿ ಗಾಲ್ಫ್ ಆಡುವವರು ಕೆಲವರೇ ಇರಬಹುದು. ಆದರೆ ಈ ಆಟ ಕಾಫಿ ಸೀಮೆಗೆ ಹೊಸದಲ್ಲ. ಮಡಿಕೇರಿ, ವಿರಾಜಪೇಟೆ ಬಳಿಯ ಬಿಟ್ಟಂಗಾಲ ಮತ್ತು ಚಿಕ್ಕಮಗಳೂರಿನಲ್ಲಿ ಮೈದಾನಗಳಿವೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು. ಕೈವಾರದ ಸುತ್ತಮುತ್ತಲಿನವರಿಗೂ ಇದು ತೀರ ದೂರದ ಮಾತಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಬ್ರಿಟಿಷರ ಕಾಲದಲ್ಲೇ ಗಾಲ್ಫ್ ಆಡುತ್ತಿದ್ದರು. ಇತ್ತೀಚೆಗೆ ನಂದಿ ಬೆಟ್ಟದ ತಪ್ಪಲಿನಲ್ಲೂ ಮೈದಾನವಾಗಿದೆ. ಮಕ್ಕಳು ಈ ಆಟ ಕಲಿಯಬೇಕೆಂದು ಹಟ ಹಿಡಿದರೆ ಮೊದಲು ಎದುರಾಗುವುದು ಖರ್ಚಿನ ಪ್ರಶ್ನೆ. ಹೊಸ ಡ್ರೈವರ್ ಒಂದಕ್ಕೇ ಅರ್ಧ ಲಕ್ಷದ ಮೇಲೆ ಬೆಲೆ ಹೇಳುವುದುಂಟು. ಸಣ್ಣ ಬೆಳೆಗಾರನ ಮನೆಯಲ್ಲಿ ಅದು ಗೊಬ್ಬರದ ದುಡ್ಡು, ಆಳಿನ ದುಡ್ಡು. ಆದ್ದರಿಂದ ಕೊಳ್ಳುವ ಮೊದಲು ತಿಳಿದಿರಬೇಕಾದ ಕೆಲವು ಅಂಶಗಳನ್ನು ಇಲ್ಲಿ ಕೊಟ್ಟಿದೆ.

ಕ್ಲಬ್ ಎಂದರೇನು?

ಇಲ್ಲಿ ಕ್ಲಬ್ ಎಂದರೆ ಸಂಘವಲ್ಲ, ಚೆಂಡು ಹೊಡೆಯುವ ಕೋಲು. ದೂರಕ್ಕೆ ಹೊಡೆಯಲು ದಪ್ಪ ತಲೆಯ ಡ್ರೈವರ್, ಮಧ್ಯದ ದೂರಕ್ಕೆ ನಂಬರು ಹಾಕಿದ ಐರನ್‌ಗಳು, ಹತ್ತಿರದಿಂದ ಎತ್ತಿ ಹಾಕಲು ವೆಡ್ಜ್, ಕೊನೆಗೆ ಚೆಂಡನ್ನು ಕುಳಿಗೆ ಉರುಳಿಸಲು ಪಟರ್. ನಿಯಮದ ಪ್ರಕಾರ ಒಬ್ಬ ಆಟಗಾರ 14ಕ್ಕಿಂತ ಹೆಚ್ಚು ಕ್ಲಬ್ ಒಯ್ಯುವಂತಿಲ್ಲ. ಒಯ್ಯಲೇಬೇಕಾದ ಕನಿಷ್ಠ ಸಂಖ್ಯೆ ಎಂಬುದು ಯಾವುದೂ ಇಲ್ಲ. ಅಂಗಡಿಯವರು ಮೊದಲನೆಯ ಮಾತನ್ನು ಹೇಳುತ್ತಾರೆ, ಎರಡನೆಯದನ್ನು ಹೇಳುವುದಿಲ್ಲ.

"ಹತ್ತು ಗಜ ಹೆಚ್ಚು ದೂರ"

ವರ್ಷ ವರ್ಷವೂ ಬರುವ ಜಾಹೀರಾತು ಇದು. ಪ್ರತಿ ವರ್ಷ ಹತ್ತು ಗಜ ಸೇರಿದ್ದರೆ ಇಷ್ಟು ಹೊತ್ತಿಗೆ ಚೆಂಡು ಮೈದಾನ ದಾಟಿ ಪಕ್ಕದ ಊರಿನಲ್ಲಿ ಬೀಳಬೇಕಿತ್ತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿರುವ ಆರ್ ಅಂಡ್ ಎ ಮತ್ತು ಅಮೆರಿಕದ ಗಾಲ್ಫ್ ಸಂಸ್ಥೆಗಳು ಡ್ರೈವರಿಗೆ ಮಿತಿ ಹಾಕಿವೆ. ತಲೆಯ ಗಾತ್ರ 460 ಘನ ಸೆಂಟಿಮೀಟರ್ ಮೀರಬಾರದು. ಮುಖ ಸ್ಪ್ರಿಂಗಿನಂತೆ ಚೆಂಡನ್ನು ಪುಟಿಸುವ ಗುಣಕ್ಕೂ ಮಿತಿಯಿದೆ. ಅಮೆರಿಕದವರು 1998ರಲ್ಲೇ ಇದಕ್ಕೆ ಲಗಾಮು ಹಾಕಿದರು. 2008ರಿಂದ ಎಲ್ಲೆಡೆ ಎಲ್ಲ ಆಟಗಾರರಿಗೂ ಇದು ಅನ್ವಯಿಸುತ್ತದೆ. ಹೆಸರಾಂತ ತಯಾರಕರೆಲ್ಲ ಬಹಳ ಹಿಂದೆಯೇ ಈ ಗೆರೆಯ ಅಂಚಿಗೆ ಬಂದು ನಿಂತಿದ್ದಾರೆ. ಆದ್ದರಿಂದ ಐದಾರು ವರ್ಷದ ಹಿಂದಿನ ಒಳ್ಳೆಯ ಡ್ರೈವರಿಗೂ ಈ ವರ್ಷದ್ದಕ್ಕೂ ಮುಖದ ನಡುವೆ ಬಡಿದ ಹೊಡೆತದಲ್ಲಿ ಹೇಳಿಕೊಳ್ಳುವಂಥ ಅಂತರವಿರುವುದಿಲ್ಲ.

ಜಾಹೀರಾತಿನ ಅಂಕಿ ಬರುವ ಬಗೆಯನ್ನೂ ನೋಡಬೇಕು. ಪಂಪ್‌ಸೆಟ್ಟಿನ ಕಂಪನಿ "ನಿಮಿಷಕ್ಕೆ ಇಷ್ಟು ಲೀಟರ್ ನೀರು" ಎಂದರೆ, ಎಷ್ಟು ಅಡಿ ಆಳದಿಂದ ಎಂದು ನಾವು ಕೇಳುತ್ತೇವೆ. ಸಾವಿರ ಅಡಿಗೂ ಕೆಳಗೆ ಕೊಳವೆಬಾವಿ ಕೊರೆಸುವ ಚಿಂತಾಮಣಿ ಸೀಮೆಯವರಿಗೆ ಈ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿಯೂ ಹಾಗೆಯೇ ಕೇಳಿ: ಹೊಡೆದವರು ಯಾರು? ಯಂತ್ರವೋ, ಮನುಷ್ಯನೋ? ಯಾವ ಹಳೆಯ ಕ್ಲಬ್ಬಿಗೆ ಹೋಲಿಸಿದ್ದು? "ಹತ್ತು ಗಜದವರೆಗೆ" ಎಂದಿದ್ದರೆ ಆ "ವರೆಗೆ" ಎಂಬ ಪದದಲ್ಲಿ ಸೊನ್ನೆ ಗಜವೂ ಸೇರಿದೆ.

ನಂಬರು ಅದೇ, ಓರೆ ಬೇರೆ

ಐರನ್‌ಗಳ ವಿಷಯದಲ್ಲಿ ಇನ್ನೊಂದು ಕೈಚಳಕವಿದೆ. ಕ್ಲಬ್ಬಿನ ಮುಖ ಹಿಂದಕ್ಕೆ ವಾಲಿರುವ ಓರೆಗೆ ಲಾಫ್ಟ್ ಎನ್ನುತ್ತಾರೆ. ಓರೆ ಹೆಚ್ಚಿದ್ದರೆ ಚೆಂಡು ಎತ್ತರಕ್ಕೆ ಏರಿ ಹತ್ತಿರ ಬೀಳುತ್ತದೆ, ಕಡಿಮೆಯಿದ್ದರೆ ತಗ್ಗಾಗಿ ದೂರ ಹೋಗುತ್ತದೆ. 1970ರ ದಶಕದಲ್ಲಿ 7ನೇ ನಂಬರಿನ ಐರನ್‌ಗೆ ಸುಮಾರು 38 ಡಿಗ್ರಿ ಓರೆ ಇರುತ್ತಿತ್ತು. ಈಗ ಕೆಲವು ಕಂಪನಿಗಳ 7ನೇ ನಂಬರು 30 ಡಿಗ್ರಿಗೂ ಕಡಿಮೆ. ಅಂದರೆ ಹಳೆಯ 5ನೇ ನಂಬರಿಗೆ 7 ಎಂದು ಅಚ್ಚು ಹಾಕಿದಂತೆ. ನಂಬರು ಹೇಗಿರಬೇಕೆಂದು ಯಾವ ನಿಯಮವೂ ಇಲ್ಲ.

ಇದರಲ್ಲಿ ಸ್ವಲ್ಪ ನಿಜವೂ ಇದೆ. ಹೊಸ ತಲೆಗಳಲ್ಲಿ ಭಾರವನ್ನು ಕೆಳಗೆ ಇಟ್ಟಿರುವುದರಿಂದ ಓರೆ ಕಡಿಮೆಯಾದರೂ ಚೆಂಡು ಏರುತ್ತದೆ. ಆದರೆ ಎಲ್ಲ ನಂಬರುಗಳೂ ದೂರಕ್ಕೆ ಜರುಗಿದಾಗ ಹತ್ತಿರದ ಹೊಡೆತಗಳಲ್ಲಿ ಸಂದು ಬೀಳುತ್ತದೆ. ಅದನ್ನು ತುಂಬಲು ಇನ್ನೊಂದು ವೆಡ್ಜ್ ಮಾರುತ್ತಾರೆ. ಆದ್ದರಿಂದ ನಂಬರು ನೋಡಬೇಡಿ, ಡಿಗ್ರಿ ಕೇಳಿ.

ಶಾಫ್ಟಿನ ಮೇಲಿನ ಅಕ್ಷರ

ಕೋಲಿನ ಬಾಗುವ ಗುಣ ತಿಳಿಸಲು ಆರ್, ಎಸ್, ಎಕ್ಸ್ ಮುಂತಾದ ಅಕ್ಷರಗಳಿರುತ್ತವೆ. ಇದಕ್ಕೂ ಎಲ್ಲರಿಗೂ ಒಂದೇ ಎಂಬ ಅಳತೆಯಿಲ್ಲ. ಒಂದು ಕಂಪನಿಯ ಆರ್ ಇನ್ನೊಂದರ ಎಸ್‌ನಷ್ಟು ಗಟ್ಟಿಯಿರಬಹುದು. ಹೊಡೆದು ನೋಡದೆ ಅಕ್ಷರ ನಂಬಿ ಕೊಳ್ಳಬಾರದು. ಉಕ್ಕಿನ ಕೋಲು ಭಾರ, ಗ್ರಾಫೈಟ್ ಹಗುರ, ಇದು ನಿಜ. ವಯಸ್ಸಾದವರಿಗೂ ಮಕ್ಕಳಿಗೂ ಹಗುರವೇ ಅನುಕೂಲ.

ಯಾವುದಕ್ಕೆ ಹಣ ಕೊಡಬಹುದು?

ತಲೆಯ ಅಂಚಿನ ಸುತ್ತ ಭಾರ ಹಂಚಿದ ಐರನ್‌ಗಳು ಹೊಸಬರಿಗೆ ನಿಜವಾಗಿಯೂ ಸಹಾಯಕ. ಅಮೆರಿಕದ ಎಂಜಿನಿಯರ್ ಕಾರ್ಸ್ಟನ್ ಸೋಲ್‌ಹೈಮ್ 1960ರ ದಶಕದಲ್ಲಿ ಈ ವಿಧಾನವನ್ನು ಬೆಳಕಿಗೆ ತಂದವರಲ್ಲಿ ಪ್ರಮುಖರು. ಚೆಂಡು ಮುಖದ ನಡುವೆ ಬಡಿಯದಿದ್ದರೂ ತಲೆ ಹೆಚ್ಚು ತಿರುಗುವುದಿಲ್ಲ, ನಷ್ಟ ಕಡಿಮೆ. ಆಟಗಾರನ ಎತ್ತರಕ್ಕೆ ತಕ್ಕ ಉದ್ದ, ಹೊಸ ರಬ್ಬರ್ ಹಿಡಿ, ಒಬ್ಬ ತರಬೇತುದಾರನ ಬಳಿ ನಾಲ್ಕಾರು ಪಾಠ—ಇವೂ ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ.

ಪಟರನ್ನು ಕಡೆಗಣಿಸಬಾರದು. 72 ಹೊಡೆತಗಳ ಮೈದಾನದಲ್ಲಿ 36 ಹೊಡೆತ ಪಟರಿನದೆಂದೇ ಲೆಕ್ಕ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಿಂದ. ಡ್ರೈವರಿನಲ್ಲಿ ದೂರ ಹೊಡೆಯುವುದರಲ್ಲಿ ಅವರು ಅಲ್ಲಿ ಹಿಂದಿನ ಸಾಲಿನವರು. ಅವರನ್ನು ಅಷ್ಟು ಮೇಲಕ್ಕೆ ತಂದದ್ದು ಪಟರ್. ಕೈವಾರವೇ ಏಕಚಕ್ರಪುರವೆಂದು ನಂಬುವ ನಮ್ಮವರಿಗೆ ಇದು ಸುಲಭವಾಗಿ ಅರ್ಥವಾದೀತು. ಬಕಾಸುರನನ್ನು ಕೊಂದದ್ದು ಭೀಮನ ತೋಳು. ಗದೆ ಮಾಡಿದವನ ಹೆಸರು ಯಾರಿಗೂ ನೆನಪಿಲ್ಲ.

ಕೊಳ್ಳುವವರಿಗೆ ಸಲಹೆಗಳು

1. ಕಲಿಯುವವರಿಗೆ ಆರೇಳು ಕ್ಲಬ್ ಸಾಕು: ದೂರಕ್ಕೊಂದು, ಮೂರು ಐರನ್, ಒಂದೆರಡು ವೆಡ್ಜ್, ಒಂದು ಪಟರ್.

2. ಬಳಸಿದ ಕ್ಲಬ್ ಕೊಳ್ಳಲು ಸಂಕೋಚ ಬೇಡ. ಕೋಲಿನಲ್ಲಿ ತುಕ್ಕು, ಬಿರುಕು, ಬಾಗು ಇದೆಯೇ, ತಲೆ ಅಲುಗಾಡುತ್ತದೆಯೇ, ಮುಖದ ಗೀರುಗಳು ಸವೆದಿವೆಯೇ ನೋಡಿ. ಹಿಡಿ ಗಟ್ಟಿಯಾಗಿದ್ದರೆ ಅದನ್ನು ಮಾತ್ರ ಬದಲಾಯಿಸಬಹುದು.

3. ನಕಲಿ ಮಾಲು ಬಹಳ. ಟೈಟಾನಿಯಂ ಎಂದು ಹೇಳಿದ ಡ್ರೈವರಿನ ಮುಖಕ್ಕೆ ಅಯಸ್ಕಾಂತ ಹಿಡಿಯಿರಿ. ಟೈಟಾನಿಯಂಗೆ ಅದು ಅಂಟುವುದಿಲ್ಲ. ಅಂಟಿದರೆ ಅದು ಉಕ್ಕು. ಪಂದ್ಯ ಆಡುವವರು ತಮ್ಮ ಡ್ರೈವರ್ ಆರ್ ಅಂಡ್ ಎ ಪ್ರಕಟಿಸುವ ಮಾನ್ಯ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು.

4. ದೊಡ್ಡವರ ಕ್ಲಬ್ ಕತ್ತರಿಸಿ ಮಕ್ಕಳಿಗೆ ಕೊಡಬೇಡಿ. ಉದ್ದ ಕಡಿಮೆಯಾದರೂ ತಲೆಯ ಭಾರ ಹಾಗೆಯೇ ಉಳಿಯುತ್ತದೆ, ಕೋಲು ಇನ್ನಷ್ಟು ಬಿಗಿಯಾಗುತ್ತದೆ. ಮಕ್ಕಳ ಅಳತೆಯ ಸೆಟ್ ತಂದು, ಮಗು ಬೆಳೆದ ಮೇಲೆ ಇನ್ನೊಂದು ಮನೆಯ ಮಗುವಿಗೆ ದಾಟಿಸಿ. ಸಹಕಾರವೆಂದರೆ ಅದೂ ಹೌದು.

5. ಎರಡು ಕ್ಲಬ್ ಹೋಲಿಸುವಾಗ ಒಂದೇ ಬಗೆಯ ಚೆಂಡಿನಿಂದ, ಒಂದೇ ದಿನ, ತಲಾ ಹತ್ತು ಹೊಡೆತ ಹೊಡೆಯಿರಿ. ಅತಿ ದೂರ ಹೋದ ಒಂದು ಚೆಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹತ್ತೂ ಎಲ್ಲಿ ಬಿದ್ದವೆಂದು ನೋಡಿ. ಗಿಡದ ಒಂದು ಗೊನೆ ನೋಡಿ ತೋಟದ ಇಳುವರಿ ಹೇಳುವವರು ನಮ್ಮಲ್ಲಿಲ್ಲ.