ಮಡಕೆಯೊಳಗಿನ ಬಣ್ಣದ ಲೆಕ್ಕ

ಪಂಜರದಲ್ಲಿರುವುದು ಒಂದೇ ಜೋಡಿ, ಎರಡೂ ಹಸಿರು. ತೂಗುಹಾಕಿದ ಮಡಕೆಯಲ್ಲಿ ಐದು ಮರಿಗಳು. ಮೂರನೇ ವಾರಕ್ಕೆ ಗರಿ ಬಿಚ್ಚಿಕೊಂಡಾಗ ನಾಲ್ಕು ಮರಿ ಅಪ್ಪ ಅಮ್ಮನ ಹಾಗೆ ಹಸಿರು, ಐದನೆಯದು ಅಚ್ಚ ಆಕಾಶನೀಲಿ! ಜಯನಗರ, ಬನಶಂಕರಿಯ ಬಾಲ್ಕನಿಗಳಲ್ಲಿ ಬಡ್ಜಿ ಸಾಕುವವರಿಗೆ ಇಂಥದ್ದು ಒಮ್ಮೆಯಾದರೂ ಎದುರಾಗುತ್ತದೆ. ಮರಿ ಬದಲಾಗಿಲ್ಲ, ಹೊರಗಿನಿಂದ ಗಂಡು ಬಂದಿಲ್ಲ. ಹಸಿರು ಹಕ್ಕಿಗಳೆರಡೂ ನೀಲಿಯನ್ನು ಒಳಗೇ ಬಚ್ಚಿಟ್ಟುಕೊಂಡಿದ್ದವು, ಅಷ್ಟೆ.

ಬೆಂಗಳೂರಿನ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಈ ಪುಟ್ಟ ಗಿಳಿಯ ಪೂರ್ಣ ಹೆಸರು ಬಜರಿಗಾರ್, ತವರು ಆಸ್ಟ್ರೇಲಿಯಾ. ಅಲ್ಲಿನ ಬಯಲುಗಳಲ್ಲಿ ಇಂದಿಗೂ ಹಿಂಡುಗಟ್ಟಿ ಹಾರುವ ಬಡ್ಜಿಗಳ ಬಣ್ಣ ಹಸಿರು, ಮುಖ ಹಳದಿ, ಬೆನ್ನ ಮೇಲೆ ಕಪ್ಪು ಅಲೆಗಳು. 1840ರಲ್ಲಿ ಪಕ್ಷಿಶಾಸ್ತ್ರಜ್ಞ ಜಾನ್ ಗೌಲ್ಡ್ ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ಒಯ್ದ. ಮುಂದೆ ಯುರೋಪಿನ ಪಂಜರಗಳಲ್ಲಿ ಹಳದಿ ಹುಟ್ಟಿತು, ನೀಲಿ ಹುಟ್ಟಿತು. ಬೆಲ್ಜಿಯಮ್ಮಿನಿಂದ ಬಂದ ನೀಲಿ ಹಕ್ಕಿಗಳು 1910ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಜನರ ಕಣ್ಣು ಕುಕ್ಕಿದವು. ಇನ್ನು ಇಲ್ಲಿ ಸಾಕುವ ಮಾತಿಗೆ ಬಂದರೆ, ಲಾಲ್‌ಬಾಗಿನ ಮರಗಳಲ್ಲಿ ಕಿರುಚುವ ನಮ್ಮದೇ ಗಿಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆದ ಬಡ್ಜಿಗೆ ಆ ನಿಷೇಧವಿಲ್ಲ.

ಬಣ್ಣದ ಲೆಕ್ಕ ಶುರುವಾಗುವುದು ಗರಿಯಿಂದ. ಬಡ್ಜಿಯ ಮೈಯಲ್ಲಿ ಹಸಿರು ವರ್ಣದ್ರವ್ಯ ಇಲ್ಲ, ನೀಲಿಯದೂ ಇಲ್ಲ. ಇರುವುದು ಎರಡೇ: ಹಳದಿ ಕೊಡುವ ಸಿಟಾಕೊಫಲ್ವಿನ್, ಕಪ್ಪು ಕೊಡುವ ಮೆಲನಿನ್. ಗರಿಯ ಎಳೆಯೊಳಗಿನ ಕೆರಟಿನ್ ಜಾಲದಲ್ಲಿ ಗಾಳಿ ತುಂಬಿದ ಅತಿಸೂಕ್ಷ್ಮ ರಂಧ್ರಗಳಿವೆ. ಅವು ಬೆಳಕಿನ ನೀಲಿ ಭಾಗವನ್ನು ಚೆದುರಿಸಿ ಹೊರಗೆ ಕಳಿಸುತ್ತವೆ, ಉಳಿದದ್ದನ್ನು ಅದರಡಿಯ ಮೆಲನಿನ್ ಹೀರಿಕೊಳ್ಳುತ್ತದೆ. ಹೀಗೆ ಹುಟ್ಟಿದ ನೀಲಿಯ ಮೇಲೆ ಹಳದಿ ಸೇರಿದರೆ ನಮಗೆ ಕಾಣುವುದು ಹಸಿರು. ಹಳದಿಯನ್ನು ತೆಗೆಯಿರಿ, ನೀಲಿ ಹಕ್ಕಿ. ಮೆಲನಿನ್ ತೆಗೆಯಿರಿ, ಕೆಂಪು ಕಣ್ಣಿನ ಹಳದಿ ಲುಟಿನೋ. ಎರಡನ್ನೂ ತೆಗೆದರೆ ಬಿಳಿಯ ಅಲ್ಬಿನೋ.

ಹಳದಿ ತಯಾರಾಗದಿರಲು ಕಾರಣವೇನೆಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ವಿವರಿಸಿತು. ಹಳದಿ ದ್ರವ್ಯವನ್ನು ತಯಾರಿಸುವ ಕಿಣ್ವವೊಂದರಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ಆ ಕಿಣ್ವದ ಸರಿಯಾದ ಜೀನನ್ನು ಯೀಸ್ಟ್ ಕೋಶಗಳಿಗೆ ಸೇರಿಸಿದಾಗ ಯೀಸ್ಟೇ ಹಳದಿ ದ್ರವ್ಯವನ್ನು ತಯಾರಿಸತೊಡಗಿತು.

ಪ್ರತಿ ಮರಿಗೂ ಈ ಜೀನಿನ ಎರಡು ಪ್ರತಿಗಳು ಸಿಗುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಸರಿಯಿದ್ದರೂ ಹಳದಿ ತಯಾರಾಗುತ್ತದೆ, ಹಕ್ಕಿ ಹಸಿರಾಗಿಯೇ ಕಾಣುತ್ತದೆ. ಒಂದು ಸರಿ, ಒಂದು ಕೆಟ್ಟದ್ದು ಇರುವ ಹಕ್ಕಿಯನ್ನು ಸಾಕುವವರು ‘ಸ್ಪ್ಲಿಟ್’ ಎನ್ನುತ್ತಾರೆ, ಚೀಟಿಯಲ್ಲಿ ‘ಹಸಿರು/ನೀಲಿ’ ಎಂದು ಬರೆಯುತ್ತಾರೆ. ಗೀಟಿನ ಎಡಕ್ಕಿರುವುದು ಕಾಣುವ ಬಣ್ಣ, ಬಲಕ್ಕಿರುವುದು ಅಡಗಿರುವುದು. ಇಂಥ ಎರಡು ಹಸಿರು ಸ್ಪ್ಲಿಟ್‌ಗಳು ಜೋಡಿಯಾದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ನೀಲಿ.

ಸರಾಸರಿ ಎಂಬ ಮಾತನ್ನು ಮರೆತವರು ನಿರಾಶರಾಗುತ್ತಾರೆ. ಬಡ್ಜಿ ಒಂದು ಸಲಕ್ಕೆ ಇಡುವುದು ಸಾಮಾನ್ಯವಾಗಿ ನಾಲ್ಕರಿಂದ ಆರು ಮೊಟ್ಟೆ. ಪ್ರತಿ ಮೊಟ್ಟೆಯೂ ಚೌಕಾಬಾರದಲ್ಲಿ ಹೊಸದಾಗಿ ಎಸೆದ ಕವಡೆ. ಹಿಂದಿನ ಎಸೆತದಲ್ಲಿ ಏನು ಬಿತ್ತೆಂಬುದು ಅದಕ್ಕೆ ಗೊತ್ತಿಲ್ಲ. ನಾಲ್ಕು ಮರಿಗಳಲ್ಲಿ ಒಂದೂ ನೀಲಿಯಾಗದಿರುವ ಸಂಭವ 256ರಲ್ಲಿ 81, ಅಂದರೆ ಮೂರರಲ್ಲಿ ಒಂದಕ್ಕೆ ಹತ್ತಿರ. ಹಸಿರು ಹಕ್ಕಿ ಸ್ಪ್ಲಿಟ್ ಹೌದೋ ಅಲ್ಲವೋ ತಿಳಿಯಬೇಕಿದ್ದರೆ ಅದನ್ನು ನೀಲಿ ಹಕ್ಕಿಯ ಜೊತೆ ಬಿಡಬೇಕು. ಒಂದೇ ಒಂದು ನೀಲಿ ಮರಿ ಹುಟ್ಟಿದರೂ ಪ್ರಶ್ನೆ ಇತ್ಯರ್ಥ. ಆರಕ್ಕೆ ಆರೂ ಹಸಿರಾದರೆ? ಸ್ಪ್ಲಿಟ್ ಹಕ್ಕಿಗೂ ಹಾಗಾಗುವ ಸಂಭವ 64ರಲ್ಲಿ ಒಂದು ಉಂಟು.

ಕಡು ಬಣ್ಣದ ಜೀನ್ ನಡೆದುಕೊಳ್ಳುವುದೇ ಬೇರೆ ರೀತಿ. ಅದು ಅಡಗುವುದಿಲ್ಲ, ಒಂದು ಪ್ರತಿ ಬಂದರೆ ಬಣ್ಣ ಒಂದು ಮೆಟ್ಟಿಲು ಗಾಢ, ಎರಡು ಬಂದರೆ ಎರಡು ಮೆಟ್ಟಿಲು. ನೀಲಿ ಸಾಲಿನಲ್ಲಿ ಆಕಾಶನೀಲಿ, ಕೋಬಾಲ್ಟ್, ಮಾವ್. ಹಸಿರು ಸಾಲಿನಲ್ಲಿ ತಿಳಿಹಸಿರು, ಕಡುಹಸಿರು, ಆಲಿವ್. ಕೋಬಾಲ್ಟ್‌ನ ಮಿಂಚು ನೀಲಿಗೆ ಮನಸೋತು ಕೋಬಾಲ್ಟ್‌ಗೆ ಕೋಬಾಲ್ಟನ್ನೇ ಜೋಡಿ ಮಾಡಿದರೆ ಸರಾಸರಿ ಅರ್ಧ ಮರಿಗಳಷ್ಟೇ ಕೋಬಾಲ್ಟ್, ಕಾಲು ಭಾಗ ಆಕಾಶನೀಲಿ, ಉಳಿದ ಕಾಲು ಭಾಗ ಮಬ್ಬು ಮಾವ್. ಮರಿಗಳೆಲ್ಲ ಕೋಬಾಲ್ಟೇ ಆಗಬೇಕೆಂದರೆ, ಯಾರೂ ಅಷ್ಟಾಗಿ ಇಷ್ಟಪಡದ ಮಾವ್ ಹಕ್ಕಿಗೆ ಆಕಾಶನೀಲಿಯನ್ನು ಜೋಡಿ ಮಾಡಬೇಕು.

ಇಂಥ ಲೆಕ್ಕಗಳಿಗೆ ತಳಪಾಯ ಹಾಕಿದವರಲ್ಲಿ ಜರ್ಮನಿಯ ಬ್ರೆಮೆನ್ ನಗರದ ಹಾನ್ಸ್ ಡುಂಕರ್ ಮುಖ್ಯ. ವೃತ್ತಿಯಿಂದ ಶಾಲಾ ಮಾಸ್ತರು. 1920ರ ದಶಕದಲ್ಲಿ ಕ್ರೇಮರ್ ಎಂಬ ಸಿರಿವಂತ ವ್ಯಾಪಾರಿ ಸಾಕಿದ್ದ ಬಡ್ಜಿಗಳ ಮರಿಗಳನ್ನು ಗಮನಿಸಿ, ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡ ನಿಯಮಗಳನ್ನು ಡುಂಕರ್ ಈ ಹಕ್ಕಿಗಳಿಗೆ ಹೊಂದಿಸಿ ನೋಡಿದರು. 1925ರಲ್ಲಿ ಇಂಗ್ಲೆಂಡಿನಲ್ಲಿ ಬಡ್ಜಿ ಸಾಕುವವರ ಸಂಘವೇ ಶುರುವಾಯಿತು.

ಎಲ್ಲಕ್ಕಿಂತ ಸ್ವಾರಸ್ಯದ್ದು ಲುಟಿನೋ ಲೆಕ್ಕ. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯದಿಂದ ತೀರ್ಮಾನವಾದರೆ ಹಕ್ಕಿಗಳಲ್ಲಿ ಅದು ತಾಯಿಯ ಅಂಡದಿಂದ. ಗಂಡು ಹಕ್ಕಿಗೆ ಎರಡು ಝಡ್ ವರ್ಣತಂತುಗಳು, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯು. ಮೆಲನಿನ್ ಅಳಿಸುವ ‘ಐನೋ’ ಜೀನ್ ಕೂತಿರುವುದು ಝಡ್ ಮೇಲೆ. ಹೆಣ್ಣಿಗಿರುವುದು ಒಂದೇ ಝಡ್ ಆದ್ದರಿಂದ ಆಕೆ ಐನೋವನ್ನು ಬಚ್ಚಿಡಲಾರಳು. ಇದ್ದರೆ ಮೈಮೇಲೆ ಕಾಣಲೇಬೇಕು. ಸ್ಪ್ಲಿಟ್ ಆಗಲು ಸಾಧ್ಯವಿರುವುದು ಗಂಡಿಗೆ ಮಾತ್ರ.

ಲುಟಿನೋ ಗಂಡಿಗೆ ಐನೋ ಇಲ್ಲದ ಹಸಿರು ಹೆಣ್ಣನ್ನು ಜೋಡಿ ಮಾಡಿದರೆ ಹುಟ್ಟುವ ಹೆಣ್ಣುಮರಿಗಳೆಲ್ಲ ಲುಟಿನೋ, ಗಂಡುಮರಿಗಳೆಲ್ಲ ಹಸಿರು. ಮೊಟ್ಟೆಯೊಡೆದ ದಿನವೇ ಇದನ್ನು ಪತ್ತೆ ಹಚ್ಚಬಹುದು. ಮರಿ ಬೋಳು ಬೋಳಾಗಿ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ. ರೆಪ್ಪೆಯ ತೆಳು ಚರ್ಮದಡಿ ಕಣ್ಣುಗುಡ್ಡೆ ಕಪ್ಪಾಗಿ ಕಂಡರೆ ಗಂಡು, ನಸುಗೆಂಪಾಗಿ ಕಂಡರೆ ಹೆಣ್ಣು. ಬೇರೆ ಜೋಡಿಗಳಲ್ಲಾದರೆ ಇದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಕೊಕ್ಕಿನ ಬುಡದ ಮೆತ್ತನೆ ಭಾಗ ಗಂಡಿಗೆ ನೀಲಿಯಾಗಿ, ಹೆಣ್ಣಿಗೆ ಕಂದಾಗಿ ತಿರುಗುವವರೆಗೆ. ಜೋಡಿಯನ್ನು ತಿರುಗುಮುರುಗು ಮಾಡಿ, ಐನೋವನ್ನು ಬಚ್ಚಿಟ್ಟುಕೊಂಡಿರದ ಹಸಿರು ಗಂಡಿಗೆ ಲುಟಿನೋ ಹೆಣ್ಣು ಬಿಟ್ಟರೆ ಲುಟಿನೋ ಮರಿ ಒಂದೂ ಇಲ್ಲ.

ಅಲ್ಬಿನೋಗೆ ಎರಡು ಬೀಗ ಒಟ್ಟಿಗೆ ತೆರೆಯಬೇಕು. ನೀಲಿ, ಐನೋ ಎರಡಕ್ಕೂ ಸ್ಪ್ಲಿಟ್ ಆದ ಹಸಿರು ಗಂಡಿಗೆ ಸಾಮಾನ್ಯ ನೀಲಿ ಹೆಣ್ಣು ಜೋಡಿಯೆನ್ನೋಣ. ಮರಿ ನೀಲಿ ಸಾಲಿನದ್ದಾಗಲು ಅರ್ಧ ಸಂಭವ, ಹೆಣ್ಣಾಗಲು ಅರ್ಧ, ಆ ಹೆಣ್ಣಿಗೆ ಐನೋ ಬರಲು ಅರ್ಧ. ಗುಣಿಸಿದರೆ ಎಂಟರಲ್ಲಿ ಒಂದು, ಅದೂ ಹೆಣ್ಣೇ.

ಈ ಲೆಕ್ಕವೆಲ್ಲ ನಿಲ್ಲುವುದು ಅಪ್ಪ ಯಾರೆಂಬುದು ಖಚಿತವಿದ್ದರೆ. ಒಂದೇ ದೊಡ್ಡ ಪಂಜರದಲ್ಲಿ ಹತ್ತಾರು ಹಕ್ಕಿ ಬಿಟ್ಟು ಸಾಲಾಗಿ ಮಡಕೆ ಕಟ್ಟಿದವರಿಗೆ ಆ ಖಾತ್ರಿಯಿಲ್ಲ. ಜೋಡಿ ಕಟ್ಟಿದ ಹೆಣ್ಣು ಪಕ್ಕದ ಗಂಡಿನ ಜೊತೆ ಕೂಡುವುದು ಬಡ್ಜಿಗಳಲ್ಲಿ ಹೊಸತೇನಲ್ಲ. ಬಣ್ಣ ಬೇಕಾದವರು ಜೋಡಿಗೊಂದು ಪಂಜರ ಇಡಬೇಕು, ಮರಿಗೆ ಕಾಲುಂಗುರ ಹಾಕಬೇಕು, ಯಾರ ಮರಿ ಯಾವುದೆಂದು ಪುಸ್ತಕದಲ್ಲಿ ಬರೆದಿಡಬೇಕು.

ಹೆಣ್ಣಿನ ಆಯ್ಕೆಯ ಮಾತು ಬೇರೆ ಇದೆ. ಚೀನಾ ಮತ್ತು ನೆದರ್ಲೆಂಡ್ಸಿನ ವಿಜ್ಞಾನಿಗಳು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪ್ರತಿ ಹೆಣ್ಣು ಬಡ್ಜಿಗೂ ಎರಡು ಗಂಡುಗಳನ್ನು ತೋರಿಸಿದರು. ಆಕೆ ತಿರಸ್ಕರಿಸಿದ ಗಂಡಿಗೆ ಕಾಳಿನ ಡಬ್ಬಿಯ ಮುಚ್ಚಳ ತೆಗೆಯುವ ಉಪಾಯ ಕಲಿಸಿದರು. ಅವನು ಡಬ್ಬಿ ತೆರೆದು ತಿನ್ನುವುದನ್ನೂ ಮೊದಲು ಮೆಚ್ಚಿದವನು ಪೇಚಾಡುವುದನ್ನೂ ಕಂಡ ಮೇಲೆ ಹೆಣ್ಣುಗಳ ಒಲವು ಜಾಣನ ಕಡೆ ವಾಲಿತು.

ಹಾಗಾಗಿ ಅನುಭವಿಗಳು ವರ್ಷ ತುಂಬುವ ಹೊತ್ತಿನ, ಒಡಹುಟ್ಟಿದವಲ್ಲದ ಎರಡು ಹಕ್ಕಿಗಳನ್ನು ಮೊದಲು ಅಕ್ಕಪಕ್ಕದ ಪಂಜರಗಳಲ್ಲಿಟ್ಟು ನೋಡುತ್ತಾರೆ. ಸರಳಿನ ನಡುವಿನಿಂದ ಗಂಡು ಗುಟುಕು ಕೊಟ್ಟು, ಹೆಣ್ಣು ಅದನ್ನು ತೆಗೆದುಕೊಳ್ಳತೊಡಗಿದ ಮೇಲೆ ಒಟ್ಟಿಗೆ ಬಿಟ್ಟು ಮಡಕೆ ಕಟ್ಟುತ್ತಾರೆ. ದಿನ ಬಿಟ್ಟು ದಿನ ಮೊಟ್ಟೆ, ಹದಿನೆಂಟು ದಿನ ಕಾವು. ಚಳಿಯೂ ಸೆಕೆಯೂ ಅತಿಯಾಗದ ಬೆಂಗಳೂರಿನಲ್ಲಿ ಮಡಕೆ ಕಣ್ಣೆದುರಿದ್ದು ನವಣೆ ಧಾರಾಳವಾಗಿ ಸಿಗುತ್ತಿದ್ದರೆ ಹೆಣ್ಣು ಬಿಡುವಿಲ್ಲದೆ ಮೊಟ್ಟೆಯಿಡುತ್ತ ಸೊರಗುತ್ತಾಳೆ. ಎರಡು ಸಲ ಮರಿ ಎದ್ದ ಮೇಲೆ ಮಡಕೆ ಇಳಿಸಿ, ಕೆಲವು ತಿಂಗಳು ಗಂಡು ಹೆಣ್ಣನ್ನು ಬೇರೆ ಇಡುವುದು ವಾಡಿಕೆ.